ಖಗೋಳಜ್ಞ ಅಲೆನ್ ಹೈನೆಕ್

ಆಗಸದಲ್ಲಿ ಗುರುತು ಹತ್ತದ ಬೆಳಕೊಂದು ಸರಿದುಹೋದರೆ ಜನಸಾಮಾನ್ಯರು ಕ್ಷಣಕಾಲ ಬೆರಗಾಗಿ ಸುಮ್ಮನಾಗುತ್ತಾರೆ. ದೇಶವನ್ನು ಕಾಯುವ ವಾಯುಪಡೆಗೆ ಹಾಗೆ ಸುಮ್ಮನಿರಲು ಬಾರದು. ಕಂಡದ್ದು ಉಲ್ಕೆಯೋ, ಹಕ್ಕಿಗಳ ಸಾಲೋ, ಶತ್ರುವಿನ ವಿಮಾನವೋ ಎಂಬುದು ಅದಕ್ಕೆ ತಿಳಿಯಲೇಬೇಕು. ಅಮೆರಿಕದ ವಾಯುಪಡೆಗೆ ಈ ಕಾರ್ಯದಲ್ಲಿ ಎರಡು ದಶಕಗಳ ಕಾಲ ನೆರವಾದ ವಿಜ್ಞಾನಿ ಜೋಸೆಫ್ ಅಲೆನ್ ಹೈನೆಕ್.

ಹೈನೆಕ್ ಅವರು 1910ರ ಮೇ 1ರಂದು ಷಿಕಾಗೊ ನಗರದಲ್ಲಿ, ಚೆಕ್ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ಷಿಕಾಗೊ ವಿಶ್ವವಿದ್ಯಾನಿಲಯದಿಂದ 1935ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದು, ಮರುವರ್ಷ ಓಹಿಯೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗುರಿಯ ಸಮೀಪಕ್ಕೆ ಬಂದೊಡನೆ ಸಿಡಿಗುಂಡನ್ನು ತಾನಾಗಿಯೇ ಸಿಡಿಸುವ ರೇಡಿಯೊ ಸಾಧನವನ್ನು ರೂಪಿಸುವ ಕೆಲಸದಲ್ಲಿ ಭಾಗವಹಿಸಿ, ಯುದ್ಧ ಮುಗಿದ ಮೇಲೆ ಮತ್ತೆ ನಕ್ಷತ್ರಗಳ ಅಧ್ಯಯನಕ್ಕೆ ಮರಳಿದರು.

1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬ ವಿಮಾನ ಚಾಲಕನು ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳು ಮಹಾವೇಗದಿಂದ ಸಾಗಿದುದನ್ನು ಕಂಡೆನೆಂದು ತಿಳಿಸಿದನು. ಪತ್ರಿಕೆಗಳು ಅವನ್ನು ಹಾರುವ ತಟ್ಟೆಗಳೆಂದು ಕರೆದವು. ವರದಿಗಳು ದೇಶದ ನಾನಾ ಕಡೆಗಳಿಂದ ಬರತೊಡಗಿದವು. ರಷ್ಯದೊಡನೆ ಶೀತಲ ಸಮರ ಆರಂಭವಾಗಿದ್ದ ಕಾಲವದು. ವಾಯುಪಡೆಯು ವಿಚಾರಣೆಗಾಗಿ ಒಂದು ಯೋಜನೆಯನ್ನು ಕೈಗೊಂಡಿತು. ಅದರ ಕಾರ್ಯಾಲಯವಿದ್ದ ಡೇಟನ್ ನಗರಕ್ಕೆ ಹೈನೆಕ್ ಅವರ ವಿಶ್ವವಿದ್ಯಾನಿಲಯವು ಹೆಚ್ಚು ದೂರವಿರಲಿಲ್ಲ. 1948ರಲ್ಲಿ ಅವರು ಸಲಹೆಗಾರರಾದರು. ಗ್ರಹ, ಉಲ್ಕೆ, ನಕ್ಷತ್ರಗಳನ್ನು ಜನರು ತಪ್ಪಾಗಿ ಗ್ರಹಿಸಿದ್ದರೆ ಅದನ್ನು ಗುರುತಿಸುವುದು ಅವರ ಕೆಲಸ. ಇದೆಲ್ಲ ನಾಲ್ಕು ದಿನದ ಹುಚ್ಚು ಎಂಬುದೇ ಆಗ ಅವರ ಅಭಿಪ್ರಾಯವಾಗಿತ್ತು.

ಆದರೆ ಅವರ ಮುಂದೆ ಬಂದ ಪ್ರಕರಣಗಳೆಲ್ಲವೂ ನಗೆಯ ವಿಷಯವಾಗಿರಲಿಲ್ಲ. 1948ರ ಜನವರಿ 7ರಂದು ಕೆಂಟಕಿ ರಾಜ್ಯದಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಎಂಬ ಯೋಧನು ಆಗಸದಲ್ಲಿ ಕಂಡ ಹೊಳೆಯುವ ವಸ್ತುವೊಂದನ್ನು ಬೆನ್ನಟ್ಟಿ 20,000 ಅಡಿಗಳಿಗೂ ಮೇಲೇರಿದನು. ಆತನ ವಿಮಾನದಲ್ಲಿ ಆಮ್ಲಜನಕದ ಸೌಕರ್ಯವಿರಲಿಲ್ಲ. ವಿಮಾನವು ನೆಲಕ್ಕಪ್ಪಳಿಸಿ ಆತನು ಮಡಿದನು. ಆ ಹೊತ್ತಿನಲ್ಲಿ ಆ ದಿಕ್ಕಿನಲ್ಲಿ ಶುಕ್ರಗ್ರಹವಿದ್ದಿತೆಂದು ಹೈನೆಕ್ ಲೆಕ್ಕಹಾಕಿ ತಿಳಿಸಿದರು. ಹಗಲಿನ ಬೆಳಕಿನಲ್ಲಿ ಅದು ಹಾಗೆ ಎದ್ದು ಕಾಣುವಂತಹುದಲ್ಲ. ನೌಕಾಪಡೆಯು ಗುಟ್ಟಾಗಿ ಹಾರಿಬಿಡುತ್ತಿದ್ದ ಬೃಹತ್ ಬಲೂನು ಅದಾಗಿದ್ದಿರಬೇಕೆಂಬುದು ಅನಂತರ ಹೊಳೆಯಿತು. ಒಂದೇ ಸೈನ್ಯದ ಒಂದು ಶಾಖೆಯ ಗುಟ್ಟು ಇನ್ನೊಂದಕ್ಕೆ ಒಗಟಾಗಿ ಪರಿಣಮಿಸಿತ್ತು!

1952ರಲ್ಲಿ ಈ ಕಾರ್ಯಕ್ಕೆ ಬ್ಲೂ ಬುಕ್ ಯೋಜನೆ ಎಂಬ ಹೆಸರು ಬಂದಿತು. ಅದೇ ಕಾಲದಲ್ಲಿ ಹೈನೆಕ್ ಅವರು 40ಕ್ಕೂ ಹೆಚ್ಚು ಖಗೋಳಜ್ಞರನ್ನು ಭೇಟಿಯಾಗಿ ಮಾತನಾಡಿಸಿದರು. ಅವರಲ್ಲಿ ಐವರು ತಾವೂ ಅರ್ಥವಾಗದ ದೃಶ್ಯವನ್ನು ಕಂಡಿದ್ದುದಾಗಿ ಒಪ್ಪಿಕೊಂಡರು. ಅಪಹಾಸ್ಯಕ್ಕೆ ಗುರಿಯಾಗುವ ಭಯದಿಂದ ವಿದ್ವಾಂಸರೂ ಬಾಯಿ ಬಿಡುತ್ತಿರಲಿಲ್ಲ. ವಿಮಾನ ಚಾಲಕರೂ ರೇಡಾರ್ ನಿರ್ವಾಹಕರೂ ನೋಡುವುದರಲ್ಲಿ ಪಳಗಿದವರು. ಅವರ ಮಾತನ್ನು ತಳ್ಳಿಹಾಕುವುದು ಸರಿಯೆ ಎಂಬ ಸಂದೇಹವು ಹೈನೆಕ್ ಅವರಲ್ಲಿ ಮೆಲ್ಲನೆ ಬೇರೂರಿತು. ಆದರೂ ಬಹುಕಾಲ ಅವರು ಬಹಿರಂಗವಾಗಿ ನುಡಿಯಲಿಲ್ಲ. ಈ ಮೌನವನ್ನು ಅವರ ಜೀವನದ ಕೊರತೆಯೆಂದೇ ಹೇಳಬೇಕು.

ಈ ನಡುವೆ 1956ರಲ್ಲಿ ಅವರು ಸ್ಮಿತ್‌ಸೋನಿಯನ್ ಖಭೌತ ವೀಕ್ಷಣಾಲಯವನ್ನು ಸೇರಿ, ಕೃತಕ ಉಪಗ್ರಹಗಳ ಜಾಡು ಹಿಡಿಯುವ ಕಾರ್ಯದಲ್ಲಿ ತೊಡಗಿದರು. ಅದಕ್ಕಾಗಿ ಜಗತ್ತಿನ ಹನ್ನೆರಡು ಕಡೆ ವಿಶೇಷ ಕ್ಯಾಮೆರಾಗಳನ್ನು ಸ್ಥಾಪಿಸಲಾಯಿತು. ಅವುಗಳಲ್ಲೊಂದು ನಮ್ಮ ದೇಶದ ನೈನಿತಾಲಿನಲ್ಲಿತ್ತು. 1960ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಖಗೋಳ ವಿಭಾಗದ ಮುಖ್ಯಸ್ಥರಾದರು.

1966ರ ಮಾರ್ಚ್ ತಿಂಗಳಿನಲ್ಲಿ ಮಿಚಿಗನ್ ರಾಜ್ಯದ ಜೌಗು ಪ್ರದೇಶಗಳ ಮೇಲೆ ಜನರು ವಿಚಿತ್ರ ಬೆಳಕುಗಳನ್ನು ಕಂಡರು. ಕಂಡವರಲ್ಲಿ ಪೊಲೀಸರೂ ಕಾಲೇಜಿನ ವಿದ್ಯಾರ್ಥಿನಿಯರೂ ಇದ್ದರು. ವಾಯುಪಡೆಯು ಹೈನೆಕ್ ಅವರನ್ನು ಅಲ್ಲಿಗೆ ಕಳುಹಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರ ಸಭೆಯನ್ನು ಎದುರಿಸಬೇಕಾಗಿ ಬಂದಾಗ, ಕೊಳೆತ ಸಸ್ಯಗಳಿಂದ ಹೊಮ್ಮುವ ಅನಿಲವು ಹೊತ್ತಿಕೊಂಡು ಹಾಗೆ ಕಂಡಿರಬಹುದೆಂದು ಅವರು ಹೇಳಿದರು. ನಮ್ಮ ಹಳ್ಳಿಗರು ಕೊಳ್ಳಿದೆವ್ವವೆಂದು ಕರೆಯುವುದು ಇಂತಹ ಬೆಳಕನ್ನೇ. ಎಲ್ಲ ಬೆಳಕುಗಳಿಗೂ ಇದೇ ಕಾರಣವೆಂದು ಅವರು ಹೇಳಿರಲಿಲ್ಲ. ಪತ್ರಿಕೆಗಳು ಮಾತ್ರ ಅದೊಂದನ್ನೇ ಹಿಡಿದುಕೊಂಡವು. ಕಣ್ಣಾರೆ ಕಂಡವರು ಅವಮಾನಿತರಾದರು. ವಿಜ್ಞಾನಿಯ ವ್ಯಂಗ್ಯಚಿತ್ರಗಳು ದೇಶದ ತುಂಬ ಹರಡಿದವು. ಅಲ್ಲಿಂದ ಮುಂದೆ ಹೈನೆಕ್ ಅವರು ವಾಯುಪಡೆಯ ತನಿಖೆಯ ದೋಷಗಳನ್ನು ಬಹಿರಂಗವಾಗಿ ಎತ್ತಿ ಆಡತೊಡಗಿದರು. ಮೊದಲೇ ತೀರ್ಪು ಕೊಟ್ಟು ಆಮೇಲೆ ಸಾಕ್ಷ್ಯವನ್ನು ಹುಡುಕುವುದು ವಿಜ್ಞಾನವಲ್ಲವೆಂಬುದು ಅವರ ವಾದವಾಗಿತ್ತು.

ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್ ಅವರ ಸಮಿತಿಯು, ಈ ಶೋಧನೆಯಿಂದ ವಿಜ್ಞಾನಕ್ಕೆ ಪ್ರಯೋಜನವಾಗದೆಂದು ವರದಿ ನೀಡಿತು. 1969ರ ಡಿಸೆಂಬರಿನಲ್ಲಿ ಬ್ಲೂ ಬುಕ್ ಯೋಜನೆಯು ಮುಕ್ತಾಯವಾಯಿತು. ಒಟ್ಟು 12,618 ವರದಿಗಳಲ್ಲಿ 701ಕ್ಕೆ ಕಾರಣ ತಿಳಿದಿರಲಿಲ್ಲ. ಕಾರಣ ತಿಳಿಯದೆಂದ ಮಾತ್ರಕ್ಕೆ ಅವು ಅನ್ಯಲೋಕದ ವಾಹನಗಳೆಂದು ಅರ್ಥವಲ್ಲ. ಅದಕ್ಕೆ ಪುರಾವೆ ದೊರೆತಿಲ್ಲ. 1972ರಲ್ಲಿ ಹೈನೆಕ್ ಅವರು ಒಂದು ಗ್ರಂಥವನ್ನು ಪ್ರಕಟಿಸಿ, ಕಂಡ ದೂರ ಮತ್ತು ರೀತಿಗಳಿಗೆ ಅನುಸಾರವಾಗಿ ವರದಿಗಳನ್ನು ವರ್ಗೀಕರಿಸಿದರು. ಮರುವರ್ಷ ಇದರ ಅಧ್ಯಯನಕ್ಕೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿದರು. ಕೊನೆಯ ವರ್ಷಗಳಲ್ಲಿ ಅವರು ಮುಂದಿಟ್ಟ ಕೆಲವು ಊಹೆಗಳನ್ನು ಇತರ ವಿಜ್ಞಾನಿಗಳು ಒಪ್ಪಲಿಲ್ಲ.

ಹೈನೆಕ್ ಅವರು 1986ರ ಏಪ್ರಿಲ್ 27ರಂದು ಅರಿಜೋನ ರಾಜ್ಯದಲ್ಲಿ ನಿಧನ ಹೊಂದಿದರು. ಬ್ಲೂ ಬುಕ್ ಯೋಜನೆಯ ಕಡತಗಳನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಇರಿಸಲಾಗಿದೆ. ಯಾರು ಬೇಕಾದರೂ ಅವುಗಳನ್ನು ಓದಬಹುದು.