ಪುಸ್ತಕದ ಗಂಟು ಹೊತ್ತ ಮಾಸ್ತರರು

ಕನ್ನಡ ಕಾದಂಬರಿಯ ಪಿತಾಮಹರೆಂದು ನಾಡು ಕೊಂಡಾಡುವ ಗಳಗನಾಥರು ಮೊದಲಿಗೆ ಒಬ್ಬ ಕನ್ನಡ ಶಾಲೆಯ ಮಾಸ್ತರರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮಧೇಯ. ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಜನಿಸಿದ ಅವರು ಊರ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡರು. ಇಂದು ಆ ಗ್ರಾಮ ಹಾವೇರಿ ಜಿಲ್ಲೆಯಲ್ಲಿದೆ.

ಧಾರವಾಡದಲ್ಲಿ ಶಿಕ್ಷಕ ತರಬೇತಿ ಪಡೆದು ಅವರು ಉಪಾಧ್ಯಾಯ ವೃತ್ತಿಗೆ ಸೇರಿದರು. ಆ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು; ಓದುಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕಗಳೇ ಹೆಚ್ಚು. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಹೊಸ ಗ್ರಂಥಗಳಿಗೆ ಬಹುಮಾನವಿತ್ತು ಕನ್ನಡ ಬರೆಯುವವರನ್ನು ಹುರಿದುಂಬಿಸುತ್ತಿತ್ತು. 1898ರಲ್ಲಿ ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಆ ಬಹುಮಾನ ಸಂದಿತು. ಮಾಸ್ತರರಿಗೆ ಸಂಬಳದಾಚೆ ಲೇಖನಿ ತಂದ ಗಳಿಕೆಯದು.

ಮುಂದೆ ಅವರು ನೌಕರಿ ಬಿಟ್ಟರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿ ದುಡಿದರು. ವಿಜಯನಗರದ ಕಥೆಯುಳ್ಳ ‘ಮಾಧವ ಕರುಣಾವಿಲಾಸ’ವೇ ಮೊದಲಾದ ಹಲವು ಕಾದಂಬರಿಗಳನ್ನು ಬರೆದರು. ಕೊಳ್ಳುವವರು ತಾವಾಗಿ ಬಾರದಿದ್ದಾಗ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಸಿರಿವಂತರೇನೂ ಆಗಲಿಲ್ಲ, ಆದರೆ ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟು 1942ರಲ್ಲಿ ಕಣ್ಮುಚ್ಚಿದರು.

ಸರಕಾರಿ ಶಿಕ್ಷಕರು ಸಂಬಳದ ಮೇಲೆ ಬೇರೆ ಸಂಪಾದನೆ ಮಾಡಬಹುದೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಶಿಕ್ಷಕರ ಖಾಸಗಿ ಪಾಠವನ್ನು ನಿಷೇಧಿಸಿದೆ. ಅದರ ಕಾರಣ ನಮ್ಮಂಥವರಿಗೆ ಸುಲಭವಾಗಿ ತಿಳಿಯುತ್ತದೆ. ತರಗತಿಯಲ್ಲಿ ಹೇಳಬೇಕಾದುದನ್ನು ಸಂಜೆ ಹಣಕ್ಕೆ ಹೇಳಿದರೆ, ಹಣವಿಲ್ಲದ ಮನೆಯ ಹುಡುಗ ಹಿಂದುಳಿಯುತ್ತಾನೆ. ನಾರಾಯಣಪುರದ ಸುತ್ತಲಿನ ಹಳ್ಳಿಗಳಿಂದ, ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮಗೆ ಶಾಲೆಯ ಪಾಠವೊಂದೇ ಆಸರೆಯಾಗಿತ್ತು.

ಹಾಗೆಂದು ಮಾಸ್ತರರಿಗೆ ಸಂಸಾರವಿಲ್ಲವೆ, ಸಾಲಸೋಲವಿಲ್ಲವೆ? ಅವರ ಅಧಿಕ ದುಡಿಮೆಯೆಲ್ಲವೂ ದೋಷವೆನ್ನಲಾಗದು. ಆ ಗಳಿಕೆ ಮಗುವಿನ ಪಾಲಿನಿಂದ ಬಂದುದೇ, ಅಲ್ಲವೇ ಎಂಬುದನ್ನು ನೋಡಬೇಕು. ಗಳಗನಾಥರ ಬಹುಮಾನ ಯಾವ ಮಗುವಿನ ಪಾಲನ್ನೂ ಕಸಿಯಲಿಲ್ಲ. ತಲೆಯ ಮೇಲಿನ ಗಂಟು ಅವರಿಗೆ ಭಾರವಾಗಿರಬಹುದು. ಕೊಂಡವರ ಮನೆಗೆ ಮಾತ್ರ ಅದರಿಂದ ಒಂದು ಕನ್ನಡ ಪುಸ್ತಕ ಬಂದಿತು.