ಹಕ್ಕಿಗಳ ಹಿಂದೆ ನಡೆದ ಸಲೀಂ ಅಲಿ

ನಮ್ಮ ದೇಶದಲ್ಲಿ ಹಕ್ಕಿಗಳ ಮಾತು ಬಂದರೆ ಮೊದಲು ನೆನಪಾಗುವ ಹೆಸರು ಡಾ. ಸಲೀಂ ಅಲಿ ಅವರದು. 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದ ಅವರು ಮನೆಯ ಮಕ್ಕಳಲ್ಲಿ ಕೊನೆಯವರು. ವರ್ಷದ ಕೂಸಾಗಿದ್ದಾಗ ತಂದೆಯನ್ನೂ ಮೂರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡರು. ಸಾಕಿ ಬೆಳೆಸಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ.

ಮುಂದೆ ಹಕ್ಕಿಗಳ ರಕ್ಷಕರಾದವರು ಬಾಲ್ಯದಲ್ಲಿ ಆಟದ ಏರ್‌ಗನ್ ಹಿಡಿದು ಗುಬ್ಬಿ ಹೊಡೆಯುತ್ತಿದ್ದರು. ಒಮ್ಮೆ ಬಿದ್ದ ಗುಬ್ಬಿಯ ಕುತ್ತಿಗೆಯಲ್ಲಿ ಹಳದಿ ಗುರುತಿತ್ತು. ಅದು ಯಾವ ಹಕ್ಕಿಯೆಂದು ಕೇಳಿ ಬರಲು ಮಾವ ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸಂಗ್ರಹದಲ್ಲಿದ್ದ ನೂರಾರು ಹಕ್ಕಿಗಳನ್ನೂ ತೋರಿಸಿದರು. ಮಗುವಿನ ಪ್ರಶ್ನೆಗೆ ಹಿರಿಯರೊಬ್ಬರು ಬಿಡುವು ಮಾಡಿಕೊಂಡು ಉತ್ತರಿಸಿದ್ದರಿಂದ ಒಂದು ಬದುಕಿನ ದಾರಿಯೇ ತೆರೆಯಿತು.

ಆ ದಾರಿ ಸುಗಮವಾಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಬಯಸಿದ ಹುದ್ದೆ ಕೈತಪ್ಪಿತು. ಬರ್ಲಿನ್‌ಗೆ ಹೋಗಿ ಪ್ರೊ. ಸ್ಟ್ರೆಸೆಮನ್ ಅವರ ಬಳಿ ಕಲಿತು 1930ರಲ್ಲಿ ಮರಳಿದಾಗ, ಹಣವಿಲ್ಲವೆಂದು ಮೊದಲಿದ್ದ ಕೆಲಸವನ್ನೂ ರದ್ದು ಮಾಡಲಾಗಿತ್ತು. ಮುಂಬಯಿ ಬಳಿಯ ಕಿಹಿಮ್ ಎಂಬ ಕಡಲತಡಿಯ ಹಳ್ಳಿಯಲ್ಲಿ ನೆಲೆಸಿದ ಅವರು, ಕೈಚೆಲ್ಲಿ ಕೂರದೆ ಗೀಜಗ ಹಕ್ಕಿಗಳನ್ನು ಗಮನಿಸತೊಡಗಿದರು.

ಬಾವಿಯ ಮೇಲೆ ಬಾಗಿದ ಮರದಲ್ಲಿ ತೂಗುವ ಗೀಜಗನ ಗೂಡು ನಮಗೆಲ್ಲ ಗೊತ್ತು. ಅದರೊಳಗಿನ ಸಂಸಾರವನ್ನು ಬಿಡಿಸಿ ಹೇಳಿದವರು ಸಲೀಂ ಅಲಿ. ಗಂಡು ಅರ್ಧ ಗೂಡು ನೇಯ್ದು, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಹೊಕ್ಕು ಪರೀಕ್ಷಿಸುತ್ತದೆ. ಅದು ಒಪ್ಪಿದರೆ ಮಾತ್ರ ಗಂಡು ಕೊಳವೆಯಂಥ ಬಾಗಿಲು ಕಟ್ಟಿ ಗೂಡು ಮುಗಿಸುತ್ತದೆ. ಆ ಹೆಣ್ಣು ಮೊಟ್ಟೆಗೆ ಕೂತ ಮೇಲೆ ಇನ್ನೊಂದು ಗೂಡಿಗೆ ಕೈಹಾಕಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ!

1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆ ದುಃಖ ಆರುವ ಮುನ್ನವೇ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ್ದ ಬೆಳ್ಳಕ್ಕಿ, ನೀರುಕಾಗೆ, ಕೊಕ್ಕರೆಗಳನ್ನು ಕಂಡು, ಆ ಜಾಗವನ್ನು ಕಾಪಾಡಬೇಕೆಂದು ಅರಮನೆಗೆ ತಿಳಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಂದು ನಾವು ದೋಣಿಯಲ್ಲಿ ಕೂತು ನೋಡುವ ಆ ಸಂಭ್ರಮದ ಹಿಂದೆ ಅವರ ಋಣವಿದೆ.

1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಸಾಮಾನ್ಯರಿಗೂ ಹಕ್ಕಿ ಗುರುತಿಸಲು ಕಲಿಸಿತು. ಮುಂದೆ ಡಿಲ್ಲನ್ ರಿಪ್ಲೆ ಅವರೊಡನೆ 10 ಸಂಪುಟಗಳ ಕೈಪಿಡಿ ಬರೆದರು. 1976ರಲ್ಲಿ ಪದ್ಮವಿಭೂಷಣ ಸಂದಿತು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರಲ್ಲಿ, 90ರ ವಯಸ್ಸಿನಲ್ಲಿ ನಿಧನರಾದರು.

ನಮ್ಮ ಶಾಲೆಗೆ 50 ತುಂಬಿದ ಈ ವರ್ಷ ಮಕ್ಕಳು ಊರಿನ ಹಕ್ಕಿಗಳ ಪಟ್ಟಿಯೊಂದನ್ನು ಬರೆಯಲು ತೊಡಗಲಿ. ಹಿರಿಯರು ಬಾವಿಯಂಚಿನ ಜಾಲಿ, ಕೆರೆಯಂಚಿನ ಆಲಗಳಿಗೆ ಕೊಡಲಿ ಹಾಕುವ ಮುನ್ನ ಒಮ್ಮೆ ತಲೆಯೆತ್ತಿ ನೋಡಲಿ. ಗೂಡು ಕಟ್ಟಲು ಕೊಂಬೆಯೇ ಇಲ್ಲದ ಊರಿನಲ್ಲಿ ಪಟ್ಟಿ ಬರೆಯಲು ಹಕ್ಕಿಗಳೂ ಉಳಿಯುವುದಿಲ್ಲ.