ಬೆನ್ ಲಿಂಡರ್: ಹಳ್ಳದ ನೀರು ಅಳೆಯಲು ಹೋದ ಎಂಜಿನಿಯರ್

ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್‌ನಲ್ಲಿ ನಾಚ್ ಪ್ರಯೋಗ ನಮ್ಮಲ್ಲಿ ತುಂಬಾ ಜನ ಮಾಡಿದ್ದೀವಿ. ನೀರು ಬಿಡ್ತೀವಿ, ಗೇಜ್ ನೋಡ್ತೀವಿ, ಹೆಡ್ ಬರ್ಕೊಳ್ತೀವಿ. ಡಿಸ್ಚಾರ್ಜ್ ಸರಿ ಬರದಿದ್ರೆ ಸೀನಿಯರ್‌ಗಳ ರೆಕಾರ್ಡ್ ಹುಡುಕ್ತೀವಿ. ಹೆಚ್ಚುಕಡಿಮೆ ಇದೇ ಅಳತೆಯನ್ನು ಕಾಡಿನ ಹಳ್ಳವೊಂದರಲ್ಲಿ ಮಾಡುತ್ತಿದ್ದಾಗ ಪ್ರಾಣ ಕಳೆದುಕೊಂಡ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬನಿದ್ದ. ಹೆಸರು ಬೆಂಜಮಿನ್ ಲಿಂಡರ್, ಎಲ್ಲರಿಗೂ ಬೆನ್. ತೀರಿಕೊಂಡಾಗ ಅವನಿಗೆ ಇನ್ನೂ 27. ನಮ್ಮ ಅಣ್ಣನ ವಯಸ್ಸು, ಅದಕ್ಕೇ ಏಕವಚನ.

ಬೆನ್ ಹುಟ್ಟಿದ್ದು 1959ರ ಜುಲೈ 7ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದಿ 1983ರಲ್ಲಿ ಪದವಿ ಪಡೆದ. ಒಂದೇ ಚಕ್ರದ ಸೈಕಲ್ ಓಡಿಸೋದು, ಚೆಂಡುಗಳನ್ನು ಗಾಳಿಗೆಸೆದು ಹಿಡಿಯೋದು, ಕೋಡಂಗಿ ವೇಷ ಹಾಕೋದು ಅವನ ಹುಚ್ಚು. ಅದೇ ವರ್ಷ ಮಧ್ಯ ಅಮೆರಿಕದ ನಿಕರಾಗುವಾಕ್ಕೆ ಹೊರಟ.

ಆ ಬಡ ದೇಶದಲ್ಲಿ 1979ರಲ್ಲಿ ಸೊಮೊಸಾ ಮನೆತನದ ಸರ್ವಾಧಿಕಾರ ಉರುಳಿ, ಸ್ಯಾಂಡಿನಿಸ್ಟಾಗಳ ಸರ್ಕಾರ ಬಂದಿತ್ತು. ಅದರ ವಿರುದ್ಧ ಕಾಂಟ್ರಾ ಎಂಬ ಸಶಸ್ತ್ರ ಪಡೆಗಳು ಹೋರಾಡುತ್ತಿದ್ದವು. ಅವಕ್ಕೆ ದುಡ್ಡು, ಆಯುಧ ಕೊಡುತ್ತಿದ್ದದ್ದು ಬೆನ್‌ನ ಸ್ವಂತ ದೇಶವೇ. ಇದು ಗೊತ್ತಿದ್ದೇ ಅವನು ಅಲ್ಲಿಗೆ ಹೋದದ್ದು.

ಮೊದಲು ರಾಜಧಾನಿ ಮನಾಗುವಾದಲ್ಲಿ ವಿದ್ಯುತ್ ಇಲಾಖೆಯ ಕೆಲಸ. ಆಮೇಲೆ ಉತ್ತರದ ಗುಡ್ಡಗಾಡಿನ ಎಲ್ ಕುವಾ ಎಂಬ ಊರು. ಅದು ಯುದ್ಧ ನಡೆಯುತ್ತಿದ್ದ ಜಾಗ. ಡೀಸೆಲ್ ಜನರೇಟರ್ ನಂಬಿಕೊಂಡರೆ ಡೀಸೆಲ್ ತರಬೇಕಾದ ರಸ್ತೆಯೇ ಅಪಾಯದ್ದು. ಆದರೆ ಮಳೆಗೆ ಬರವಿಲ್ಲ, ಹಳ್ಳಗಳಿವೆ, ಇಳಿಜಾರಿದೆ. ನೀರು ಎಷ್ಟು ಎತ್ತರದಿಂದ ಬೀಳುತ್ತೆ, ಸೆಕೆಂಡಿಗೆ ಎಷ್ಟು ಹರಿಯುತ್ತೆ, ಇವೆರಡು ಗೊತ್ತಾದರೆ ಎಷ್ಟು ಕರೆಂಟ್ ಬರುತ್ತೆ ಅಂತ ಲೆಕ್ಕ ಹಾಕಬಹುದು. ಊರಿನವರನ್ನೂ ಸೇರಿಸಿಕೊಂಡ ತಂಡ ಅಲ್ಲೊಂದು ಸಣ್ಣ ಜಲವಿದ್ಯುತ್ ಘಟಕ ಕಟ್ಟಿತು. ಎಲ್ ಕುವಾದಲ್ಲಿ ದೀಪ ಉರಿಯಿತು. ಯಂತ್ರ ನಡೆಸೋದನ್ನು ಊರಿನವರಿಗೇ ಕಲಿಸಿದರು.

ಮಕ್ಕಳಿಗೆ ಲಸಿಕೆ ಹಾಕೋ ದಿನ ಬೆನ್ ಕೋಡಂಗಿಯಾಗಿ ಆ ಒಂಟಿ ಚಕ್ರದ ಸೈಕಲ್ ಏರುತ್ತಿದ್ದ. ಸೂಜಿ ಅಂದ್ರೆ ಓಡೋ ಮಕ್ಕಳು ಅವನ ಹಿಂದೆ ಓಡಿ ಬರ್ತಿದ್ರು.

ಮುಂದಿನ ಯೋಜನೆ ಸ್ಯಾನ್ ಹೊಸೆ ದೆ ಬೊಕಾಯ್ ಎಂಬ ಊರಿಗೆ. 1987ರ ಏಪ್ರಿಲ್ 28ರಂದು ಬೆನ್ ಊರಿನವರ ಜೊತೆ ಅಲ್ಲಿನ ಕಾಡಿನ ಹಳ್ಳಕ್ಕೆ ಹೋದ. ಹರಿವು ಅಳೆಯಲು ಪುಟ್ಟ ಅಡ್ಡಗಟ್ಟೆ ಹಾಕಬೇಕಿತ್ತು. ಆ ಕಾಡಿನಲ್ಲಿ ಬಂದೂಕಿಲ್ಲದೆ ಓಡಾಡುವವರು ಕಡಿಮೆ. ಅವರ ಬಳಿಯೂ ಇದ್ದವು. ಹೊಂಚು ಹಾಕಿದ್ದ ಕಾಂಟ್ರಾಗಳು ದಾಳಿ ಮಾಡಿದರು. ಬೆನ್ ಜೊತೆ ಸೆರ್ಜಿಯೊ ಹೆರ್ನಾಂಡೆಸ್, ಪಾಬ್ಲೊ ರೊಸಾಲೆಸ್ ಎಂಬ ಇಬ್ಬರು ನಿಕರಾಗುವಾದವರೂ ಸತ್ತರು. ಗಾಯಗೊಂಡಿದ್ದ ಬೆನ್ ತಲೆಗೆ ಹತ್ತಿರದಿಂದಲೇ ಗುಂಡು ಹೊಡೆದಿದ್ದರು. ಅಮೆರಿಕದಲ್ಲಿ ದೊಡ್ಡ ಗದ್ದಲವಾಯಿತು. ಅಲ್ಲಿನ ಸಂಸತ್ತಿನಲ್ಲೂ ವಿಚಾರಣೆ ನಡೆಯಿತು. ಬೆನ್‌ನನ್ನು ಮಣ್ಣು ಮಾಡಿದ್ದು ಮಾತ್ರ ನಿಕರಾಗುವಾದ ಮತಗಾಲ್ಪಾದಲ್ಲಿ. ಸುದ್ದಿಯಲ್ಲಿ ಅವನ ಹೆಸರೇ ಹೆಚ್ಚು ಬಂತು. ಜೊತೆಗೆ ಹೋದ ಆ ಇಬ್ಬರ ಹೆಸರನ್ನೂ ನಾವು ನೆನಪಿಡಬೇಕು.

ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಜೊತೆಗಾರರು ಅವನ ಹೆಸರಿನಲ್ಲೇ ಒಂದು ಸಂಘ ಕಟ್ಟಿದರು. ಯುದ್ಧ ಮುಗಿದ ಮೇಲೆ, 1994ರಲ್ಲಿ, ಬೊಕಾಯ್‌ಗೂ ಕರೆಂಟ್ ಬಂತು.

ಇದನ್ನು ಬರೆಯುವಾಗ ನಮಗೆ ನಮ್ಮದೇ ಒಂದು ಶಿಬಿರ ನೆನಪಾಯ್ತು. ಹಳ್ಳಿಯೊಂದರಲ್ಲಿ ಸೋಲಾರ್ ದೀಪ ಹಾಕಿ, ಫೋಟೊ ತೆಗೆಸಿಕೊಂಡು, ಸರ್ಟಿಫಿಕೇಟ್ ಹಿಡ್ಕೊಂಡು ಬಂದ್ವಿ. ಆರು ತಿಂಗಳಿಗೆ ದೀಪ ಕೆಟ್ಟಿತು. ಬ್ಯಾಟರಿ ಬದಲಿಸೋದನ್ನ ಅಲ್ಲಿ ಯಾರಿಗೂ ನಾವು ಹೇಳಿಕೊಟ್ಟಿರಲಿಲ್ಲ. ಬೆನ್ ಇಲ್ಲದೆಯೂ ಬೊಕಾಯ್‌ನಲ್ಲಿ ದೀಪ ಉರಿಯಿತು. ನಾವು ಬದುಕಿದ್ದೂ ನಮ್ಮ ದೀಪ ಆರಿತು. ಇವತ್ತು ವಿದೇಶಕ್ಕೆ ಸೇವೆಗೆ ಅಂತ ಅರ್ಜಿ ಹಾಕ್ತಿರೋ ಗೆಳೆಯರು, ಪಕ್ಕದ ಹಳ್ಳಿಗೆ ಹೊರಟಿರೋ ಜೂನಿಯರ್‌ಗಳು, ಹೊರಡೋ ಮುಂಚೆ ಒಂದನ್ನು ತೀರ್ಮಾನಿಸಿಕೊಳ್ಳಿ: ನೀವು ಬಸ್ ಹತ್ತಿದ ಮೇಲೆ ಅದನ್ನು ರಿಪೇರಿ ಮಾಡೋರು ಯಾರು?

ಈ ಸೆಮಿಸ್ಟರ್ ರಜೆಯಲ್ಲಿ ನಾವು ಆ ಹಳ್ಳಿಗೆ ಮತ್ತೆ ಹೋಗ್ತಿದ್ದೀವಿ. ಸ್ಕ್ರೂಡ್ರೈವರ್ ಈ ಸಲ ಅಲ್ಲಿನ ಹುಡುಗರ ಕೈಲಿರುತ್ತೆ. ಬರೋರು ಹೆಸರು ಕೊಡಿ.